ಕಕ್ಕಡದ ಮಳೆಯಲ್ಲೂ ಮಬ್ಬಾಗದ ಕ್ಯಾನೋಪಿ: ಸ್ಕೇಲ್ ಮಾಡೆಲ್‌ಗಳ ಪಾರದರ್ಶಕ ಭಾಗಗಳಿಗೆ ಹೊಳಪಿನ ಲೇಪ

ಕೊಡಗಿನವನಾದ ನಾನು ಮೊದಲ ಬಾರಿಗೆ ಮನಸ್ಸಿಟ್ಟು ಕಟ್ಟಿದ ವಿಮಾನ ಮಿಸ್ಟೇರ್ 4ಎ. ಕಾರಣ ಇಲ್ಲಿನವರಿಗೆ ಹೇಳಬೇಕಾಗಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು ಹಾರಿಸುತ್ತಿದ್ದುದು ಆ ವಿಮಾನವನ್ನು. ತಮ್ಮದಕ್ಕಿಂತ ಬಹಳ ವೇಗದ ಎಫ್-104 ಸ್ಟಾರ್‌ಫೈಟರನ್ನು ಎದುರಿಸಿ ಅವರು ಹೊಡೆದುರುಳಿಸಿದರು, ಮರಳಿ ಬರಲಿಲ್ಲ. ಮಹಾವೀರ ಚಕ್ರ ಮರಣೋತ್ತರವಾಗಿ ಅವರ ಹೆಸರಿಗೆ ಬಂದದ್ದು 1988ರಲ್ಲಿ.

1/72 ಅಳತೆಯಲ್ಲಿ ಈ ವಿಮಾನ ಮೂತಿಯಿಂದ ಬಾಲದವರೆಗೆ ಸುಮಾರು 18 ಸೆಂ.ಮೀ. ಕ್ಯಾನೋಪಿ, ಅಂದರೆ ಪೈಲಟ್‌ನ ತಲೆಯ ಮೇಲಿನ ಗಾಜಿನ ಮುಚ್ಚಳ, ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಆದರೆ ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಒಳಗೊಬ್ಬ ಮನುಷ್ಯ ಕುಳಿತಿದ್ದ ಜಾಗ ಅದು. ರೆಕ್ಕೆಯ ಬಣ್ಣ ಎಷ್ಟೇ ಚೆನ್ನಾಗಿ ಬಂದಿದ್ದರೂ ಆ ಗಾಜು ಮಂಕಾಗಿದ್ದರೆ ವಿಮಾನ ಆಟಿಕೆಯಾಗಿ ಕಾಣುತ್ತದೆ.

ನಾನು ಆ ಕ್ಯಾನೋಪಿಯನ್ನು ಜುಲೈ ತಿಂಗಳ ಒಂದು ರಾತ್ರಿ ಹೊಳಪಿನ ಲೇಪದಲ್ಲಿ ಅದ್ದಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟು ಮಲಗಿದೆ. ಹೊರಗೆ ಕಕ್ಕಡ ತಿಂಗಳ ಮಳೆ. ಬೆಳಿಗ್ಗೆ ನೋಡಿದರೆ ಮಜ್ಜಿಗೆ ಕುಡಿದಿಟ್ಟ ಲೋಟದ ಹಾಗೆ ಮಬ್ಬಾಗಿ ಕುಳಿತಿತ್ತು. ಅದ್ದುವ ಕೆಲಸ ಹತ್ತು ಸೆಕೆಂಡಿನದು. ಅದು ಒಣಗುವ ಎರಡು ಮೂರು ದಿನವೇ ನಿಜವಾದ ಕೆಲಸ ಎಂಬುದು ನನಗೆ ಆವತ್ತು ಅರ್ಥವಾಯಿತು. ಬೇರೆ ಊರಿನವರು ಬರೆದ ಸೂಚನೆಗಳಲ್ಲಿ ಒಣಗಿಸುವ ಮಾತು ಕೊನೆಯ ಸಾಲಿನಲ್ಲಿ ಬರುತ್ತದೆ. ನಮ್ಮ ಹವೆಗೆ ಅದು ಮೊದಲು ಬರಬೇಕು.

ಲೇಪ ಏಕೆ ಬೇಕು

ಕಿಟ್‌ಗಳಲ್ಲಿ ಬರುವ ಪಾರದರ್ಶಕ ಭಾಗಗಳು ಸಾಮಾನ್ಯವಾಗಿ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನವು. ಅಚ್ಚಿನಿಂದ ಬರುವಾಗಲೇ ಅವುಗಳ ಮೇಲೆ ಕಣ್ಣಿಗೆ ಬೀಳದಷ್ಟು ಸಣ್ಣ ಗೀರುಗಳು, ಅಲೆಗಳು ಇರುತ್ತವೆ. ಪೆಟ್ಟಿಗೆಯೊಳಗೆ ಬೇರೆ ಭಾಗಗಳಿಗೆ ಉಜ್ಜಿಕೊಂಡು ಇನ್ನಷ್ಟು ಗೀರು ಬೀಳುತ್ತದೆ. ಗೀರಿನಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, 1; ಪಾಲಿಸ್ಟೈರೀನಿನದು ಸುಮಾರು 1.59. ಇಷ್ಟು ಅಂತರವಿರುವಲ್ಲಿ ಬೆಳಕು ಚದುರುತ್ತದೆ, ಗೀರು ಬಿಳಿಯಾಗಿ ಎದ್ದು ಕಾಣುತ್ತದೆ. ಅದೇ ಗೀರಿನಲ್ಲಿ ಅಕ್ರಿಲಿಕ್ ಲೇಪ ತುಂಬಿಕೊಂಡರೆ ಅದರ ಸೂಚ್ಯಂಕ ಸುಮಾರು 1.49, ಅಂತರ ಬಹಳ ಕಡಿಮೆಯಾಗುತ್ತದೆ, ಗೀರು ಕಾಣದಂತಾಗುತ್ತದೆ. ಒದ್ದೆಯಾದ ಹೊಳೆಗಲ್ಲು ಒಣಗಲ್ಲಿಗಿಂತ ಗಾಢವಾಗಿ ಕಾಣುವುದೂ ಇದೇ ಕಾರಣಕ್ಕೆ.

ಹಾಗೆಂದು ಲೇಪದಿಂದ ಎಲ್ಲವೂ ಸರಿಹೋಗುವುದಿಲ್ಲ. ಉಗುರಿಗೆ ತಗಲುವಷ್ಟು ಆಳದ ಗೀರು ಲೇಪದಡಿಯಲ್ಲೂ ಕಾಣುತ್ತದೆ. ಪ್ಲಾಸ್ಟಿಕ್ ಹಳದಿಯಾಗಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ದಪ್ಪವೂ ಕಡಿಮೆಯಾಗುವುದಿಲ್ಲ: 1/72ರಲ್ಲಿ 1 ಮಿ.ಮೀ. ದಪ್ಪದ ಕ್ಯಾನೋಪಿ ಎಂದರೆ ನಿಜದ ಅಳತೆಯಲ್ಲಿ 72 ಮಿ.ಮೀ. ಗಾಜು. ಒಳಗಿನ ಆಸನ ಸ್ವಲ್ಪ ಸೊಟ್ಟಗೆ ಕಾಣುವುದು ಈ ದಪ್ಪದಿಂದ; ಅದಕ್ಕೆ ಲೇಪವನ್ನು ದೂರಬಾರದು.

ಯಾವ ಲೇಪ

ಅಮೆರಿಕದಲ್ಲಿ ‘ಫ್ಯೂಚರ್’ ಎಂಬ ಹೆಸರಿನಲ್ಲಿ, ಬ್ರಿಟನ್ನಿನಲ್ಲಿ ‘ಕ್ಲಿಯರ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ನೆಲದ ಪಾಲಿಷ್ ದಶಕಗಳ ಕಾಲ ಮಾಡೆಲ್ ಕಟ್ಟುವವರ ಅಚ್ಚುಮೆಚ್ಚಾಗಿತ್ತು. ನೀರಿನಂತೆ ತೆಳು, ತಾನಾಗಿಯೇ ಸಮತಟ್ಟಾಗುವ ಅಕ್ರಿಲಿಕ್ ಅದು. ಹಳೆಯ ಸೂಚನೆಗಳಲ್ಲೆಲ್ಲ ಅದರ ಹೆಸರೇ ಇರುತ್ತದೆ. ಈಗ ಆ ರೂಪದಲ್ಲಿ ಸಿಗುವುದಿಲ್ಲ, ಹುಡುಕಿ ಸಮಯ ಕಳೆಯಬೇಡಿ. ಆಲ್‌ಕ್ಲಾಡ್ ಕಂಪನಿಯ ಅಕ್ವಾ ಗ್ಲಾಸ್ (Aqua Gloss), ಎಕೆ ಕಂಪನಿಯ ಗಾಝಿ ಏಜೆಂಟ್ ಇವೆರಡೂ ಅದೇ ಕೆಲಸ ಮಾಡುತ್ತವೆ, ಅದ್ದುವುದಕ್ಕೂ ಬರುತ್ತವೆ. ವಲ್ಲೆಹೋ ಹೊಳಪು ವಾರ್ನಿಷ್ ನೀರಿನದ್ದೇ ಆದರೂ ಗಟ್ಟಿ; ಅದ್ದಿದರೆ ಅಂಚಿನಲ್ಲಿ ಮಡುಗಟ್ಟುತ್ತದೆ, ಏರ್‌ಬ್ರಷ್‌ಗೆ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಉಪಕರಣಕ್ಕೆ, ಇಟ್ಟುಕೊಳ್ಳಿ. ಟಮಿಯಾ ಎಕ್ಸ್-22 ಕೂಡ ಏರ್‌ಬ್ರಷ್‌ಗೇ ಸರಿ.

ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಕ್ಯಾನ್ ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಅಸಿಟೋನ್, ಟಾಲ್ಯೂಯಿನ್‌ನಂತಹ ದ್ರಾವಕಗಳಿರುವುದು ಸಾಮಾನ್ಯ. ಎರಡೂ ಪಾಲಿಸ್ಟೈರೀನನ್ನು ಕರಗಿಸುತ್ತವೆ. ಕಾರಿನ ಮೇಲೆ ಕನ್ನಡಿಯಂತೆ ಕೂರುವ ಅದೇ ಲೇಪ ಕ್ಯಾನೋಪಿಯ ಮೇಲೆ ಬಿದ್ದರೆ ಒಳಗಿನಿಂದಲೇ ನವಿರಾದ ಬಿರುಕು ಏಳುತ್ತದೆ, ಅದಕ್ಕೆ ದುರಸ್ತಿ ಇಲ್ಲ. ಯಾವ ಲೇಪ ತಂದರೂ ಮೊದಲು ಕ್ಯಾನೋಪಿ ಜೋಡಣೆಯಾಗಿ ಬಂದ ಪಾರದರ್ಶಕ ಕಡ್ಡಿಯ ತುಂಡಿನ ಮೇಲೆ ಪ್ರಯೋಗ ಮಾಡಿ, ಒಂದು ದಿನ ಬಿಟ್ಟು ನೋಡಿ.

ಮೊದಲು ಒಣಗುವ ಜಾಗ

ಬಾಟಲಿಯ ಮುಚ್ಚಳ ತೆರೆಯುವ ಮೊದಲೇ ಒಣಗಿಸುವ ಡಬ್ಬ ಸಿದ್ಧವಾಗಿರಬೇಕು. ನಾನು ಬಳಸುವುದು ಬಿಗಿ ಮುಚ್ಚಳದ, ಎರಡು ಮೂರು ಲೀಟರ್ ಹಿಡಿಯುವ ಪಾರದರ್ಶಕ ಅಡುಗೆಮನೆ ಡಬ್ಬ. ತಳದಲ್ಲಿ ಬಟ್ಟಲಿನಷ್ಟು, ಅಂದರೆ ಸುಮಾರು 200 ಗ್ರಾಂ ಸಿಲಿಕಾ ಜೆಲ್ ಹರಳು, ಅದರ ಮೇಲೆ ಸ್ಟೀಲಿನ ಜಾಲರಿ, ಜಾಲರಿಯ ಮೇಲೆ ಮಾಡೆಲ್‌ನ ಭಾಗ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಕೊಳ್ಳಿ. ಕಿತ್ತಳೆ ಬಣ್ಣದ ಹರಳು ತೇವ ಕುಡಿದಾಗ ಹಸಿರಾಗುತ್ತದೆ, ನೀಲಿಯದು ಗುಲಾಬಿಯಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷಕಾರಿ. ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆಯದೇ ಒಳ್ಳೆಯದು. ತೇವಗೊಂಡ ಹರಳನ್ನು 120 ಡಿಗ್ರಿಯಷ್ಟು ಶಾಖದಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಅಡುಗೆಗೆ ಬಳಸುವ ಪಾತ್ರೆಯಲ್ಲಿ ಮಾತ್ರ ಕಾಯಿಸಬೇಡಿ.

ಡಬ್ಬದಲ್ಲಿ ಬಲ್ಬ್ ಉರಿಸಿ ಒಣಗಿಸುವವರೂ ಇದ್ದಾರೆ. ಬೇರೆ ಕಡೆ ಅದು ಸರಿ. ಆದರೆ ನಮ್ಮಲ್ಲಿ ಮರ ಬಿದ್ದು ತಂತಿ ಹರಿದರೆ ವಿದ್ಯುತ್ ಎರಡು ದಿನ ಬರದಿರುವುದು ಹೊಸದೇನಲ್ಲ. ಬಲ್ಬ್ ಆರಿದ ಕ್ಷಣದಿಂದ ಡಬ್ಬ ತಣ್ಣಗಾಗಿ ಒಳಗೆ ಹನಿ ಕಟ್ಟಲು ಶುರುವಾಗುತ್ತದೆ. ಸಿಲಿಕಾ ಜೆಲ್‌ಗೆ ವಿದ್ಯುತ್ತಿನ ಹಂಗಿಲ್ಲ.

ಅಕ್ಕಿಯಲ್ಲಿ ಇಡಬಹುದೇ ಎಂದು ಕೇಳುವವರಿದ್ದಾರೆ. ಬೇಡ, ಅಕ್ಕಿಯ ಹಿಟ್ಟು ಹಸಿ ಲೇಪಕ್ಕೆ ಹಿಡಿಯುತ್ತದೆ. ಮಳೆಗಾಲದಲ್ಲಿ ನಾವು ಬಟ್ಟೆ, ಸೌದೆ ಎಲ್ಲವನ್ನೂ ಒಲೆಯ ಸುತ್ತ ಒಣಗಿಸಿಕೊಳ್ಳುತ್ತೇವೆ. ಆ ಅಭ್ಯಾಸದಲ್ಲಿ ಕ್ಯಾನೋಪಿಯನ್ನು ಅಲ್ಲಿಗೆ ಒಯ್ಯಬೇಡಿ. ಹೊಗೆಯ ಮಸಿ ಒಂದು ಕಡೆ, ಶಾಖ ಇನ್ನೊಂದು ಕಡೆ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿಯ ಹತ್ತಿರ ಮೆತ್ತಗಾಗುತ್ತದೆ, ತೆಳುವಾದ ಭಾಗ ಅದಕ್ಕೂ ಮೊದಲೇ ಸೊಟ್ಟಗಾಗಬಹುದು.

ಸಾಧ್ಯವಿದ್ದವರು ಈ ಕೆಲಸವನ್ನು ತುಲಾ ಸಂಕ್ರಮಣ ಕಳೆದು, ಹುತ್ತರಿ ಹಬ್ಬದ ಹೊತ್ತಿಗೆ ಇಟ್ಟುಕೊಳ್ಳಿ. ಅಲ್ಲಿಂದ ಮಾರ್ಚ್‌ವರೆಗೆ ಗಾಳಿ ಒಣಗಿರುತ್ತದೆ, ಬೆಳಗಿನ ಮಂಜು ಕರಗಿದ ಮೇಲೆ ಕೆಲಸಕ್ಕೆ ಕೂರಬಹುದು. ಆದರೆ ಮಾಡೆಲ್ ಕಟ್ಟಲು ಬಿಡುವು ಸಿಗುವುದು ಮಳೆಗಾಲದಲ್ಲೇ ಎಂಬುದು ನನಗೂ ಗೊತ್ತು. ಆದ್ದರಿಂದಲೇ ಈ ಡಬ್ಬದ ಬಗ್ಗೆ ಇಷ್ಟು ಹೇಳಿದೆ.

ಬಿಡಿಸುವುದು, ಉಜ್ಜುವುದು, ತೊಳೆಯುವುದು

ಪಾರದರ್ಶಕ ಪ್ಲಾಸ್ಟಿಕ್ ಉಳಿದ ಭಾಗಗಳ ಪ್ಲಾಸ್ಟಿಕ್‌ಗಿಂತ ಪೆಡಸು. ಚೌಕಟ್ಟಿನ ಕಡ್ಡಿಯಿಂದ ಬಿಡಿಸುವಾಗ ಭಾಗಕ್ಕೆ ಅಂಟಿದಂತೆ ಕತ್ತರಿಸಿದರೆ ಬಿರುಕು ಒಳಗೆ ಓಡುತ್ತದೆ. ಎರಡು ಮೂರು ಮಿ.ಮೀ. ಬಿಟ್ಟು ಹರಿತವಾದ ನಿಪ್ಪರ್‌ನಿಂದ ಕತ್ತರಿಸಿ, ಉಳಿದ ತುಣುಕನ್ನು ಸಣ್ಣ ಗರಗಸದಿಂದ ಅಥವಾ ಮರಳುಕಾಗದದಿಂದ ತೆಗೆಯಿರಿ. ವಿಮಾನಕ್ಕೆ ಕೂರಿಸಿ ನೋಡಿ, ಅಂಚು ಸರಿಹೊಂದುತ್ತದೆಯೇ ಎಂದು ಈಗಲೇ ಪರೀಕ್ಷಿಸಿ. ಲೇಪವಾದ ಮೇಲೆ ಅಂಚು ಉಜ್ಜುವಂತಿಲ್ಲ.

ಸುಖೋಯ್-30, ಎಫ್-16ರಂತಹ ಗುಳ್ಳೆಯಾಕಾರದ ಕ್ಯಾನೋಪಿಗಳಲ್ಲಿ ನಡುವೆ ಉದ್ದಕ್ಕೆ ಅಚ್ಚಿನ ಗೆರೆ ಬರುವುದುಂಟು. ಹೊಸ ಬ್ಲೇಡನ್ನು ನೆಟ್ಟಗೆ ಹಿಡಿದು, ಕೊಯ್ಯದೆ, ಹಗುರವಾಗಿ ಕೆರೆದು ಗೆರೆಯನ್ನು ಸಮ ಮಾಡಿ. ಬಳಿಕ 1500, 2000, 3000 ಹೀಗೆ ನವಿರಾಗುತ್ತ ಹೋಗುವ ಮರಳುಕಾಗದದಲ್ಲಿ ನೀರು ಹಾಕಿ ಉಜ್ಜಿ. ಒಂದು ಅಂಕಿಯಿಂದ ಇನ್ನೊಂದಕ್ಕೆ ಹೋಗುವಾಗ ಉಜ್ಜುವ ದಿಕ್ಕನ್ನು ಬದಲಿಸಿ. ಹಿಂದಿನ ಗೀರುಗಳು ಪೂರ್ತಿ ಹೋದವೇ ಎಂದು ಆಗ ಮಾತ್ರ ತಿಳಿಯುತ್ತದೆ. ಈ ಹಂತದಲ್ಲಿ ಕ್ಯಾನೋಪಿ ಮಂಜು ಕವಿದಂತೆ ಕಾಣುತ್ತದೆ. ಹೆದರಬೇಡಿ. ಪಾಲಿಷಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸುತ್ತು ಸುತ್ತಾಗಿ ಉಜ್ಜಿದರೆ ತಿಳಿಯಾಗುತ್ತದೆ. ಕಾಂಪೌಂಡ್ ಸಿಗದಿದ್ದರೆ ಸಾದಾ ಬಿಳಿ ಟೂತ್‌ಪೇಸ್ಟ್ ನಡೆಯುತ್ತದೆ, ತುಸು ಹೆಚ್ಚು ಹೊತ್ತು ಬೇಕು.

ತೊಳೆಯುವುದನ್ನು ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಾಂಪೌಂಡಿನಲ್ಲಿ ಎಣ್ಣೆ, ಮೇಣದ ಅಂಶವಿರುತ್ತದೆ. ಅದು ಉಳಿದರೆ ಲೇಪ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹರಡದೆ ಸರಿದು ಹೋಗುತ್ತದೆ. ಉಗುರು ಬೆಚ್ಚಗಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಬ್ರಷ್‌ನಿಂದ ಒಳಗೂ ಹೊರಗೂ ತೊಳೆಯಿರಿ. ಕೊನೆಯ ಜಾಲಾಡುವಿಕೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುವುದಿಲ್ಲ. ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ ಮೇಲೆ ಸ್ಥಿರ ವಿದ್ಯುತ್ ಹುಟ್ಟಿ ಧೂಳನ್ನು ಎಳೆದುಕೊಳ್ಳುತ್ತದೆ. ಟಿಶ್ಯೂ ಕಾಗದದ ಮೇಲೆ ಕವುಚಿ ಹಾಕಿ ಡಬ್ಬದೊಳಗೆ ಇಡಿ, ತಾನಾಗಿ ಒಣಗಲಿ. ಇಲ್ಲಿಂದ ಮುಂದೆ ಬೆರಳು ತಾಗಬಾರದು. ಚಿಮುಟವೇ ನಿಮ್ಮ ಕೈ.

ಅದ್ದುವುದು

ಫ್ಯಾನ್ ನಿಲ್ಲಿಸಿ. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಉಣ್ಣೆಯ ಸ್ವೆಟರ್ ತೊಟ್ಟಿದ್ದರೆ ತೆಗೆದಿಡಿ, ಅದರ ಎಳೆಗಳು ಎಲ್ಲಿಂದಲೋ ಬಂದು ಕೂರುತ್ತವೆ.

ಲೇಪದ ಬಾಟಲಿಯನ್ನು ಕುಲುಕಬಾರದು. ಕುಲುಕಿದರೆ ನೊರೆ ಏಳುತ್ತದೆ, ನೊರೆಯ ಒಂದೊಂದು ಗುಳ್ಳೆಯೂ ಕ್ಯಾನೋಪಿಯ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಮೆಲ್ಲನೆ ತಿರುಗಿಸಿ, ಅಗಲ ಬಾಯಿಯ ಸಣ್ಣ ಬಟ್ಟಲಿಗೆ ಗೋಡೆಯ ಉದ್ದಕ್ಕೆ ಹರಿಯುವಂತೆ ಸುರಿಯಿರಿ. ಹತ್ತು ನಿಮಿಷ ಮುಚ್ಚಿಡಿ, ಇರುವ ಗುಳ್ಳೆಗಳು ಮೇಲೆ ಬಂದು ಒಡೆಯಲಿ.

ಕ್ಯಾನೋಪಿಯ ಅಂಚನ್ನು, ಅಂಟು ತಾಗುವ ಜಾಗದಲ್ಲಿ, ಚಿಮುಟದಿಂದ ಹಿಡಿಯಿರಿ. ಓರೆಯಾಗಿ, ಒಂದು ಮೂಲೆ ಮೊದಲು ಇಳಿಯುವಂತೆ ನಿಧಾನವಾಗಿ ಮುಳುಗಿಸಿ. ಬೋರಲಾಗಿ ನೇರ ಇಳಿಸಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಐದು ಸೆಕೆಂಡ್ ಸಾಕು. ಮೇಲೆತ್ತುವುದು ಇಳಿಸಿದ್ದಕ್ಕಿಂತಲೂ ನಿಧಾನವಾಗಿರಲಿ: ಬೇಗ ಎತ್ತಿದಷ್ಟೂ ಪದರ ದಪ್ಪವಾಗುತ್ತದೆ, ದಪ್ಪ ಪದರವೇ ನಮ್ಮ ಹವೆಯಲ್ಲಿ ಮೊದಲು ಮಬ್ಬಾಗುವುದು. ಎತ್ತಿದ ಕೂಡಲೇ ಕೆಳಗಿನ ಮೂಲೆಯನ್ನು ಟಿಶ್ಯೂ ಕಾಗದಕ್ಕೆ ತಾಗಿಸಿ. ಹೆಚ್ಚಿನ ಲೇಪವನ್ನು ಕಾಗದ ತಾನೇ ಹೀರುತ್ತದೆ. ಒಳಭಾಗದ ಮೂಲೆಗಳಲ್ಲಿ ಮಡು ನಿಂತಿದ್ದರೆ ಟಿಶ್ಯೂವಿನ ಚೂಪು ಮಾಡಿದ ತುದಿಯಿಂದ ತೆಗೆಯಿರಿ. ಇದಕ್ಕೆ ಒಂದು ನಿಮಿಷದ ಅವಕಾಶವಿದೆ. ಅದರಾಚೆ ಮುಟ್ಟಿದರೆ ಗುರುತು ಬೀಳುತ್ತದೆ, ಆಗ ಕಂಡ ದೋಷವನ್ನು ಹಾಗೆಯೇ ಬಿಡುವುದು ಲೇಸು.

ಹೊಸ ಟಿಶ್ಯೂವಿನ ಮೇಲೆ ಕ್ಯಾನೋಪಿಯನ್ನು ಅದರ ಅಂಚಿನ ಮೇಲೆ ನಿಲ್ಲಿಸಿ, ಮೇಲೊಂದು ಪಾರದರ್ಶಕ ಲೋಟ ಕವುಚಿ. ಲೋಟದ ಕೆಳಗೆ ಬೆಂಕಿಕಡ್ಡಿ ಇಟ್ಟು ಗಾಳಿಯಾಡಲು ಸ್ವಲ್ಪ ಸಂದು ಬಿಡಿ. ಅರ್ಧ ಗಂಟೆಯ ನಂತರ, ಮೇಲ್ಮೈ ಜಿಗುಟು ಬಿಟ್ಟ ಮೇಲೆ, ಸಿಲಿಕಾ ಜೆಲ್ ಡಬ್ಬಕ್ಕೆ ವರ್ಗಾಯಿಸಿ ಮುಚ್ಚಳ ಹಾಕಿ.

ಇನ್ನು ಕಾಯುವುದು. ಎಷ್ಟು ಹೊತ್ತು ಎಂಬುದಕ್ಕೆ ಜಿಲ್ಲೆಗೆಲ್ಲ ಒಂದೇ ಲೆಕ್ಕವಿಲ್ಲ. ಕುಶಾಲನಗರದ ಗಾಳಿ ಬೇರೆ, ಭಾಗಮಂಡಲದ ಗಾಳಿ ಬೇರೆ. ಬೇಸಿಗೆಯಲ್ಲಿ 24 ಗಂಟೆ, ಮಳೆಗಾಲದಲ್ಲಿ ಡಬ್ಬದೊಳಗೆ 72 ಗಂಟೆ ಎಂದು ನಾನು ಇಟ್ಟುಕೊಂಡಿದ್ದೇನೆ. ಅಕ್ಕನ ಮಗ ಮೊದಲ ಸಲ ನನ್ನೊಂದಿಗೆ ಕುಳಿತು ತನ್ನ ಹೆಲಿಕಾಪ್ಟರಿನ ಗಾಜನ್ನು ಅದ್ದಿದಾಗ ಎರಡು ಗಂಟೆಗೊಮ್ಮೆ ಬಂದು, ‘ಮಾವ, ಮುಟ್ಟಿ ನೋಡಲೇ?’ ಎಂದು ಕೇಳುತ್ತಿದ್ದ. ಅವನನ್ನು ಕಾಫಿ ಕಣಕ್ಕೆ ಕರೆದುಕೊಂಡು ಹೋಗಿ ಎರಡು ದಿನ ಬಿಸಿಲು ಕಂಡ ಹಣ್ಣನ್ನು ಕೈಗೆ ಕೊಟ್ಟೆ. ಮೇಲಿನ ಸಿಪ್ಪೆ ಒಣಗಿ ಕಪ್ಪಾಗಿತ್ತು, ಹಿಚುಕಿದರೆ ಒಳಗೆ ಇನ್ನೂ ಜಿಗುಟು. ಗಲಗಲ ಸದ್ದು ಬರುವವರೆಗೆ ಚೀಲಕ್ಕೆ ತುಂಬುವುದಿಲ್ಲವಲ್ಲ, ಇದೂ ಹಾಗೆಯೇ ಎಂದೆ. ಆಮೇಲೆ ಅವನು ಕೇಳಲಿಲ್ಲ.

ಎರಡನೆಯ ಪದರ ಬಹುತೇಕ ಬೇಕಾಗುವುದಿಲ್ಲ. ಬೇಕೆನಿಸಿದರೆ ಮೊದಲನೆಯದು ಪೂರ್ತಿ ಒಣಗಿದ ಮೇಲೆ ಅದೇ ಕ್ರಮದಲ್ಲಿ ಮಾಡಿ.

ಅದ್ದಲಾಗದ ಭಾಗಗಳು

ಈಗಾಗಲೇ ಮಾಡೆಲ್‌ಗೆ ಅಂಟಿಸಿರುವ ಕಿಟಕಿಗಳಿಗೆ ಮೆತ್ತನೆಯ ಚಪ್ಪಟೆ ಬ್ರಷ್ ಬಳಸಿ. ತುಂಬಾ ಲೇಪ ತೆಗೆದುಕೊಂಡು ಒಂದೇ ಎಳೆತದಲ್ಲಿ ಒಂದು ಕಿಟಕಿ ಮುಗಿಸಿ; ಹಿಂದಕ್ಕೆ ಬಂದು ತಿದ್ದಲು ಹೋಗಬೇಡಿ. ಏರ್‌ಬ್ರಷ್ ಇರುವವರು 12ರಿಂದ 15 ಪಿಎಸ್‌ಐ ಒತ್ತಡದಲ್ಲಿ ಮೊದಲು ತೆಳು ತುಂತುರು, ಎರಡು ನಿಮಿಷ ಬಿಟ್ಟು ಒದ್ದೆ ಪದರ ಕೊಡಿ. ಗಾಳಿಯ ಕೊಳವೆಗೆ ತೇವ ಹಿಡಿಯುವ ಟ್ರ್ಯಾಪ್ ಇಲ್ಲದಿದ್ದರೆ ಮಳೆಗಾಲದಲ್ಲಿ ಏರ್‌ಬ್ರಷ್ ನೀರಿನ ಹನಿಯನ್ನೂ ಉಗುಳುತ್ತದೆ. ದ್ರಾವಕ ಆಧಾರಿತ ಲೇಪವನ್ನು ಮಳೆಯ ದಿನ ಸಿಂಪಡಿಸಲೇಬೇಡಿ: ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದು ಬೆಳ್ಳಗಾಗುತ್ತದೆ.

ನಮ್ಮ ಕಡೆಯ ಜೀಪಿನ ಮಾಡೆಲ್ ಕಟ್ಟುವವರಿಗೆ ಒಂದು ಮಾತು. ಜೀಪಿನ ಮುಂಗಾಜು ಚಪ್ಪಟೆ. ಕಿಟ್‌ನ ದಪ್ಪ ಗಾಜಿಗೆ ಲೇಪ ಬಳಿಯುವುದಕ್ಕಿಂತ ತೆಳುವಾದ ಪಾರದರ್ಶಕ ಓಎಚ್‌ಪಿ ಹಾಳೆಯಿಂದ ಅದೇ ಅಳತೆಗೆ ಕತ್ತರಿಸಿ ಕೂರಿಸಿದರೆ ಅಳತೆಗೂ ಹತ್ತಿರ, ನೋಟಕ್ಕೂ ಚೆಂದ. ಹೆಡ್‌ಲೈಟಿನ ಗಾಜಿಗೆ ಮಾತ್ರ ಲೇಪ ಇರಲಿ. ವಿಮಾನದ ರೆಕ್ಕೆಯ ದೀಪಗಳಿಗೆ ಮೊದಲು ಪಾರದರ್ಶಕ ಬಣ್ಣ ಹಚ್ಚಿ, ಪೈಲಟ್‌ನ ಎಡಗಡೆಗೆ ಕೆಂಪು, ಬಲಗಡೆಗೆ ಹಸಿರು. ಅದು ಒಣಗಿದ ಮೇಲೆ ಲೇಪದ ಒಂದು ತೊಟ್ಟು.

ಬಣ್ಣ ಮತ್ತು ಅಂಟು

ಚೌಕಟ್ಟಿನ ಗೆರೆಗಳಿಗೆ ಬಣ್ಣ ಹಚ್ಚಲು, ಬಣ್ಣ ತಾಗಬಾರದ ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಲೇಪ ಒಳಗಿನವರೆಗೆ ಒಣಗದಿದ್ದರೆ ಟೇಪ್ ತೆಗೆಯುವಾಗ ಅದೂ ಚರ್ಮದಂತೆ ಎದ್ದು ಬರುತ್ತದೆ. ಆದ್ದರಿಂದ ಮೇಲೆ ಹೇಳಿದ ಅವಧಿಯ ಮೇಲೆ ಇನ್ನೊಂದು ದಿನ ಕಾಯಿರಿ. ಟೇಪಿನ ಅಂಟನ್ನು ಅಂಗೈಗೆ ಒಂದೆರಡು ಸಲ ಒತ್ತಿ ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು ಎಂಬ ಸಲಹೆ ಕೇಳಿರುತ್ತೀರಿ. ಅಂಗೈಯ ಎಣ್ಣೆ ಗಾಜಿಗೆ ಹೋಗುತ್ತದೆ, ಅದರ ಬದಲು ಗಾಜಿನ ತಟ್ಟೆಗೆ ಒತ್ತಿ. ಮೊದಲು ಕಾಕ್‌ಪಿಟ್ ಒಳಗಿನ ಬಣ್ಣ, ಅದರ ಮೇಲೆ ಹೊರಗಿನ ಬಣ್ಣ ಹಚ್ಚಿದರೆ ಒಳಗಿನಿಂದ ನೋಡಿದಾಗಲೂ ಚೌಕಟ್ಟು ಸರಿಯಾದ ಬಣ್ಣದಲ್ಲಿ ಕಾಣುತ್ತದೆ. ಆಲ್ಕೋಹಾಲ್ ಇರುವ ತಿನ್ನರ್ ಅಕ್ರಿಲಿಕ್ ಲೇಪವನ್ನು ಕಚ್ಚುತ್ತದೆ, ಬಣ್ಣವನ್ನು ತೆಳು ತೆಳುವಾಗಿ ಕೊಡಿ. ವಿಮಾನಕ್ಕೆ ಕೊನೆಯಲ್ಲಿ ಹೊಳಪು ತೆಗೆಯುವ ಮ್ಯಾಟ್ ವಾರ್ನಿಷ್ ಹೊಡೆಯುವವರೆಗೂ ಈ ಟೇಪ್ ಅಲ್ಲೇ ಇರಬೇಕು. ಮೊದಲೇ ತೆಗೆದರೆ ಅಷ್ಟು ದಿನ ಕಾಯ್ದ ಹೊಳಪು ಒಂದೇ ಸಿಂಪಡಿಕೆಗೆ ಹೋಗುತ್ತದೆ.

ಅಂಟಿಗೆ ಫೆವಿಕೋಲ್‌ನಂತಹ ಬಿಳಿ ಅಂಟೇ ಸಾಕು. ಒಣಗಿದಾಗ ತಿಳಿಯಾಗುತ್ತದೆ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವ ಅಂಟು. ಅದರ ಆವಿ ಗಾಜಿನ ಮೇಲೆ, ಅದರಲ್ಲೂ ಬೆರಳಿನ ಗುರುತಿದ್ದ ಕಡೆ, ಬಿಳಿ ಪುಡಿಯಾಗಿ ಕೂರುತ್ತದೆ. ಲೇಪವಿದ್ದರೆ ಪುಡಿ ಲೇಪದ ಮೇಲೆ ನಿಲ್ಲುತ್ತದೆ, ಪ್ಲಾಸ್ಟಿಕ್ ಉಳಿಯುತ್ತದೆ. ಒಳಗೆ ಬೇರೆ ಭಾಗಗಳಿಗೆ ಸೂಪರ್ ಗ್ಲೂ ಬಳಸಿದ್ದರೆ ಒಂದು ದಿನ ತೆರೆದಿಟ್ಟು ಆವಿ ಹೋದ ಮೇಲಷ್ಟೇ ಕ್ಯಾನೋಪಿ ಮುಚ್ಚಿ.

ಕೆಟ್ಟರೆ

ಲೇಪ ಹಾಲಿನಂತೆ ಮಬ್ಬಾಗಿದ್ದರೆ ತಕ್ಷಣ ಕೀಳಬೇಡಿ. ಅದು ಒಳಗೆ ಸಿಕ್ಕಿಕೊಂಡ ತೇವವಾಗಿದ್ದರೆ, ಹೊಸದಾಗಿ ಕಾಯಿಸಿದ ಸಿಲಿಕಾ ಜೆಲ್ ಜೊತೆ ಎರಡು ದಿನ ಮುಚ್ಚಿಟ್ಟಾಗ ತಿಳಿಯಾಗುವ ಸಾಧ್ಯತೆ ಇದೆ. ಆಗಲೂ ಹೋಗದಿದ್ದರೆ, ಅಥವಾ ಧೂಳು, ಗುಳ್ಳೆ ಸಿಕ್ಕಿದ್ದರೆ, ಕಳಚಲೇಬೇಕು. ನೆಲದ ಪಾಲಿಷ್ ಜಾತಿಯ ಅಕ್ರಿಲಿಕ್ ಲೇಪಗಳು ಅಮೋನಿಯಾ ಇರುವ ಗಾಜು ಒರೆಸುವ ದ್ರವದಲ್ಲಿ ಕೆಲವು ಗಂಟೆ ನೆನೆಸಿದರೆ ಬಿಟ್ಟುಕೊಳ್ಳುತ್ತವೆ. ಎಲ್ಲ ದ್ರವಗಳಲ್ಲೂ ಅಮೋನಿಯಾ ಇರುವುದಿಲ್ಲ, ಬಾಟಲಿಯ ಚೀಟಿ ಓದಿ. ಕಿಟಕಿ ತೆರೆದಿಟ್ಟು ಮಾಡಿ, ಬ್ಲೀಚಿಂಗ್ ದ್ರವವನ್ನು ಇದರೊಂದಿಗೆ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಅಮೋನಿಯಾಕ್ಕೆ ಬಗ್ಗದ ಲೇಪಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಪ್ರಯತ್ನಿಸಬಹುದು, ಕಡ್ಡಿಯ ತುಂಡಿನ ಮೇಲೆ ಪರೀಕ್ಷಿಸಿದ ಮೇಲೆ. ಬಳಿಕ ಮತ್ತೆ ತೊಳೆಯುವುದರಿಂದ ಶುರು.

ಜುಲೈಯಲ್ಲಿ ಮಬ್ಬಾದ ನನ್ನ ಮಿಸ್ಟೇರ್‌ನ ಕ್ಯಾನೋಪಿಯನ್ನು ಹೀಗೆಯೇ ಕಳಚಿ, ಹುತ್ತರಿ ಕಳೆದ ವಾರದಲ್ಲಿ ಎರಡನೆಯ ಬಾರಿ ಅದ್ದಿದೆ. ಈಗ ಅದು ಗಾಜಿನ ಕಪಾಟಿನಲ್ಲಿದೆ, ಆಸನದ ಪಟ್ಟಿಗಳೂ ಹೊರಗಿನಿಂದ ಕಾಣುತ್ತವೆ. ಕಪಾಟಿನ ಮೂಲೆಯಲ್ಲಿ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣ ಇಟ್ಟಿದ್ದೇನೆ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಅದನ್ನು ಕಾಯಿಸಿ ಮತ್ತೆ ಇಡುತ್ತೇನೆ.